ಮಲ್ಪೆಯ ಅಗ್ನಿಶಿಲಾದ್ವೀಪಗಳು: ೧೪೯೮ರ ಹಾಯಿಯಾನವೂ ಶಿಲೆಯ ಸಾಕ್ಷ್ಯವೂ

ಕರ್ನಾಟಕದ ಇತಿಹಾಸವನ್ನು ಬರೆದವರು ಕೋಟೆ, ದೇಗುಲ, ಶಾಸನಗಳಿಗೆ ಕೊಟ್ಟಷ್ಟು ಗಮನವನ್ನು ಕಡಲಿನ ದ್ವೀಪಗಳಿಗೆ ಕೊಟ್ಟಿಲ್ಲ. ಉಡುಪಿಯ ಸಮೀಪದ ಮಲ್ಪೆಯ ಎದುರಿಗೆ ಅರಬ್ಬೀ ಸಮುದ್ರದಲ್ಲಿ ಉತ್ತರ ದಕ್ಷಿಣವಾಗಿ ಹರಡಿಕೊಂಡಿರುವ ಸೇಂಟ್ ಮೇರಿ ದ್ವೀಪಗಳ ವಿಷಯದಲ್ಲಿಯೂ ಇದು ನಿಜ. ಈ ದ್ವೀಪಗಳ ಬಗ್ಗೆ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ೧೪೯೮ರಲ್ಲಿ ವಾಸ್ಕೊ ಡ ಗಾಮ ಪೋರ್ಚುಗಲ್ಲಿನಿಂದ ಬರುತ್ತ ಮೊದಲು ಇಲ್ಲಿ ಇಳಿದು, ಅನಂತರ ಕಲ್ಲಿಕೋಟೆಗೆ ಹೋದನು ಎಂಬುದು ಒಂದು. ಇಲ್ಲಿನ ಕಂಬಗಳಂಥ ಬಂಡೆಗಳು ದಖ್ಖನಿನ ಕಪ್ಪುಕಲ್ಲಿನ ಜಾತಿಯವು ಎಂಬುದು ಇನ್ನೊಂದು. ಪರಿಶೀಲಿಸಿ ನೋಡಿದರೆ ಇವೆರಡೂ ಸರಿಯಲ್ಲವೆಂದು ತಿಳಿಯುತ್ತದೆ.

ಈ ಲೇಖನದಲ್ಲಿ ನಾವು ಎರಡು ಬಗೆಯ ದಾಖಲೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಲು ಯತ್ನಿಸಿದ್ದೇವೆ. ಒಂದು, ಹಾಯಿಹಡಗಿನಲ್ಲಿ ಬಂದವನೊಬ್ಬನು ಬರೆದಿಟ್ಟ ದಿನಚರಿ. ಇನ್ನೊಂದು, ದ್ವೀಪದ ಶಿಲೆ. ಮೊದಲನೆಯದರ ವಯಸ್ಸು ಐದು ಶತಮಾನಗಳಿಗಿಂತ ತುಸು ಹೆಚ್ಚು. ಎರಡನೆಯದರ ವಯಸ್ಸನ್ನು ಕೋಟಿಗಳಲ್ಲಿ ಎಣಿಸಬೇಕು. ಪ್ರತಿಯೊಂದಕ್ಕೂ ಹೇಳತಕ್ಕುದೂ ಇದೆ, ಹೇಳದೆ ಬಿಟ್ಟುದೂ ಇದೆ. ಇತಿಹಾಸದ ವಿದ್ಯಾರ್ಥಿಗೆ ಎರಡರಿಂದಲೂ ಪಾಠವುಂಟು.

ತುಂಗೆಗೂ ಭದ್ರೆಗೂ ನಡುವೆ, ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಲವಗೊಪ್ಪದಂಥ ಒಳನಾಡಿನ ಊರಿನವರಿಗೆ ಕಡಲದ್ವೀಪದ ವಿಚಾರವೇಕೆ ಎಂದು ವಾಚಕರು ಕೇಳಬಹುದು. ನಮ್ಮ ನದಿಗಳ ನೀರು ಪೂರ್ವಕ್ಕೆ ಹರಿದು ಬಂಗಾಳ ಕೊಲ್ಲಿಯನ್ನು ಸೇರುವುದೇನೋ ದಿಟ. ಆದರೆ ಆ ನೀರನ್ನು ತರುವ ಗಾಳಿ ಪಶ್ಚಿಮದ ಕಡಲಿನಿಂದ ಬರುತ್ತದೆ. ಮಲೆನಾಡಿನ ಮೆಣಸು, ಅಕ್ಕಿಗಳು ಘಟ್ಟವಿಳಿದು ಹೋದದ್ದೂ ಆ ಪಶ್ಚಿಮದ ಬಂದರುಗಳಿಗೇ. ಮಲ್ಪೆಯ ದ್ವೀಪಗಳಲ್ಲೊಂದರ ಮೇಲೆ ಕೋಟೆ ಕಟ್ಟಿಸಿದವನೆಂದು ಪ್ರತೀತಿಯಿರುವ ಅರಸನೂ ನಮ್ಮ ಜಿಲ್ಲೆಯ ಬಿದನೂರಿನವನೇ. ಆದುದರಿಂದ ಇದು ದೂರದ ವಿಷಯವಲ್ಲ.

೧. ದ್ವೀಪಗಳ ಸ್ವರೂಪ

ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆಗಳ ಮಾರ್ಗವಾಗಿ ಘಟ್ಟವನ್ನಿಳಿದು, ಸೋಮೇಶ್ವರ, ಹೆಬ್ರಿಗಳನ್ನು ದಾಟಿದರೆ ಉಡುಪಿ. ಅಲ್ಲಿಂದ ಮಲ್ಪೆ ಬಂದರು ಬಹಳ ಹತ್ತಿರ. ಬಂದರಿನಿಂದ ಸುಮಾರು ೬ ಕಿಲೋಮೀಟರು ದೂರದಲ್ಲಿ, ಸ್ಥಳೀಯರು ತೋನ್ಸೆಪಾರ್ ಎಂದೂ ಕರೆಯುವ ತೆಂಗಿನ ದ್ವೀಪವಿದೆ. ಇದರ ಜೊತೆಗೆ ಉತ್ತರ ದ್ವೀಪ, ದಕ್ಷಿಣ ದ್ವೀಪ, ದರಿಯಾ ಬಹದ್ದೂರಗಡ ಎಂಬವು ಇಲ್ಲಿಯ ಮುಖ್ಯ ದ್ವೀಪಗಳು. ಇವುಗಳ ನಡುನಡುವೆ ನೀರಿನಿಂದ ತಲೆಯೆತ್ತಿರುವ ಸಣ್ಣಪುಟ್ಟ ಬಂಡೆಗಳು ಅನೇಕ. ತೆಂಗಿನ ದ್ವೀಪವು ಸುಮಾರು ೫೦೦ ಮೀಟರು ಉದ್ದ, ೧೦೦ ಮೀಟರು ಅಗಲ. ಅತ್ಯುನ್ನತ ಭಾಗವೂ ಸಮುದ್ರಮಟ್ಟದಿಂದ ಸುಮಾರು ೧೦ ಮೀಟರಿನಷ್ಟು ಮಾತ್ರ. ಇಲ್ಲಿ ಜನವಸತಿಯಿಲ್ಲ.

ಅಗ್ನಿಪರ್ವತದ ದ್ವೀಪವೆಂದೊಡನೆ ನಮ್ಮ ಕಲ್ಪನೆಗೆ ಬರುವುದು ಕಡಲಿನಿಂದ ನೇರವಾಗಿ ಮೇಲೆದ್ದ ಬೆಟ್ಟ, ತುದಿಯಲ್ಲಿ ಬಾಯ್ದೆರೆದ ಕುಳಿ, ಮೇಲೆ ಹೊಗೆ. ಭಾರತದಲ್ಲಿ ಅಂಥದೊಂದು ಇದೆ: ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು ೩೫೦ ಮೀಟರು. ಕಡಲತಳದಿಂದ ಅಳೆದರೆ ಅದು ಎರಡು ಕಿಲೋಮೀಟರನ್ನೂ ಮೀರುವ ಮಹಾಪರ್ವತ. ೧೭೮೭ ಮತ್ತು ೧೭೮೯ರಲ್ಲಿ ಆ ಮಾರ್ಗವಾಗಿ ಹೋದ ಹಾಯಿಹಡಗುಗಳವರು ಅದರ ಹೊಗೆಯನ್ನು ಕಂಡು ಬರೆದಿಟ್ಟರು. ಬಹುಕಾಲ ಶಾಂತವಾಗಿದ್ದ ಅದು ೧೯೯೧ರಲ್ಲಿ ಮತ್ತೆ ಕೆರಳಿತು. ಮಲ್ಪೆಯ ದ್ವೀಪಗಳಲ್ಲಿ ಬೆಟ್ಟವೂ ಇಲ್ಲ, ಕುಳಿಯೂ ಇಲ್ಲ. ಆದರೂ ಇವು ಅಗ್ನಿಜನ್ಯವೇ. ಬೆಂಕಿ ಆರಿ, ಉಳಿದುದೆಲ್ಲ ಸವೆದು, ಬುಡದ ಶಿಲೆಯಷ್ಟೇ ಉಳಿದಿರುವ ಅವಶೇಷಗಳಿವು.

೨. ಶಿಲೆಯ ಚರಿತ್ರೆ

ದ್ವೀಪದ ಪಡುವಣ ಅಂಚಿನಲ್ಲಿ ನಿಂತು ನೋಡುವವರಿಗೆ ಬಂಡೆಗಳು ಯಾರೋ ಶಿಲ್ಪಿ ಕೆತ್ತಿ ಜೋಡಿಸಿಟ್ಟ ಕಂಬಗಳಂತೆ ಕಾಣುತ್ತವೆ. ಐದು, ಆರು, ಏಳು ಮುಖಗಳ ಈ ಶಿಲಾಸ್ತಂಭಗಳಲ್ಲಿ ಕೆಲವು ೬ ಮೀಟರಿನಷ್ಟು ಎತ್ತರವಾಗಿವೆ. ಕೆಲವೆಡೆ ಅವು ನೆಟ್ಟಗೆ ನಿಂತಿವೆ, ಕೆಲವೆಡೆ ಓರೆಯಾಗಿವೆ, ಇನ್ನು ಕೆಲವೆಡೆ ಮೇಲ್ತುದಿಗಳು ಮಾತ್ರ ಕಂಡು ನೆಲಕ್ಕೆ ಹಾಸುಗಲ್ಲು ಹೊದಿಸಿದಂತಿದೆ.

ಇದರಲ್ಲಿ ಮಾನವನ ಕೈವಾಡವಿಲ್ಲ. ಬೇಸಗೆಯಲ್ಲಿ ನೀರು ಬತ್ತಿದ ಕೆರೆಯ ಅಂಗಳವನ್ನು ಕಂಡವರಿಗೆ ಇದರ ತತ್ತ್ವವು ಸುಲಭವಾಗಿ ತಿಳಿಯುತ್ತದೆ. ಹಸಿಮಣ್ಣು ಒಣಗುತ್ತ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ, ಬಿರುಕುಗಳು ಒಂದನ್ನೊಂದು ಕೂಡಿ ಬಹುಭುಜಗಳ ಹೆಂಟೆಗಳಾಗುತ್ತವೆ. ಲಾವಾರಸವು ಆರುವಾಗಲೂ ಹೀಗೆಯೇ. ಮೇಲ್ಮೈಯೂ ತಳವೂ ಮೊದಲು ತಣ್ಣಗಾಗಿ ಬಿರಿಯುತ್ತವೆ. ಒಳಭಾಗವು ಕ್ರಮೇಣ ತಣಿದಂತೆ ಆ ಬಿರುಕುಗಳು, ತಣಿದ ಮೇಲ್ಮೈಗೆ ಲಂಬವಾಗಿ, ಒಳಕ್ಕೆ ಸಾಗುತ್ತವೆ. ಸಮನಾಗಿ ತಣಿಯುವ ರಸದಲ್ಲಿ ಮೂರು ಬಿರುಕುಗಳು ಒಂದು ಬಿಂದುವಿನಲ್ಲಿ ಹೆಚ್ಚುಕಡಮೆ ಸಮಕೋನಗಳಲ್ಲಿ ಕೂಡುವುದರಿಂದ ಆರು ಮುಖದ ಕಂಬಗಳು ಹೆಚ್ಚಾಗಿ ಉಂಟಾಗುತ್ತವೆ. ಆರುವಿಕೆ ನಿಧಾನವಾದಷ್ಟೂ ಕಂಬ ದಪ್ಪ. ಹೀಗೆ ಕಂಬಗಳ ದಿಕ್ಕು, ಗಾತ್ರಗಳಿಂದ ರಸವು ಯಾವ ಕಡೆಯಿಂದ ಹೇಗೆ ತಣಿಯಿತೆಂದು ಊಹಿಸಬಹುದು.

ಈ ಶಿಲೆಯನ್ನು ಸಾಮಾನ್ಯವಾಗಿ ಬಸಾಲ್ಟ್ ಎನ್ನುವುದುಂಟು. ಆದರೆ ಭೂವಿಜ್ಞಾನಿಗಳ ಪರೀಕ್ಷೆಯಂತೆ ಇದು ಸಿಲಿಕಾ ಅಂಶ ಹೆಚ್ಚಾಗಿರುವ ಡೇಸೈಟ್ ಮತ್ತು ರಯೊಲೈಟ್ ವರ್ಗಕ್ಕೆ ಸೇರಿದ್ದು. ವಯಸ್ಸಿನಲ್ಲಿಯೂ ವ್ಯತ್ಯಾಸವಿದೆ. ಬೆಳಗಾವಿ, ವಿಜಯಪುರಗಳ ಕಡೆ ಕಾಣುವ ದಖ್ಖನಿನ ಕಪ್ಪುಶಿಲೆಯು ಹೊರಬಂದದ್ದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ. ಮಲ್ಪೆಯ ದ್ವೀಪಶಿಲೆಗೆ ಬೇರೆ ಬೇರೆ ವಿದ್ವಾಂಸರು ಕಟ್ಟಿರುವ ವಯಸ್ಸು ೮.೫ ಕೋಟಿಯಿಂದ ೯.೩ ಕೋಟಿ ವರ್ಷಗಳವರೆಗೆ ಇದೆ. ಎಂದರೆ ದಖ್ಖನಿನ ಶಿಲೆಗಿಂತ ಇದು ಸುಮಾರು ಎರಡು ಕೋಟಿ ವರ್ಷಗಳಷ್ಟಾದರೂ ಹಿರಿಯದು. ಹಾಗೆಂದು ಶಿವಮೊಗ್ಗದ ಸುತ್ತಣ ಕಲ್ಲಿನ ಮುಂದೆ ಇದು ಎಳೆಯ ಕೂಸು; ನಮ್ಮ ಕಾಲಡಿಯ ಶಿಲೆಗಳ ವಯಸ್ಸು ೨೫೦ ಕೋಟಿ ವರ್ಷಗಳನ್ನು ಮೀರುತ್ತದೆ.

ಇಂಥ ಲೆಕ್ಕವನ್ನು ಮಾಡುವ ಬಗೆಯನ್ನು ಇತಿಹಾಸದ ವಿದ್ಯಾರ್ಥಿಯೂ ಅರಿತಿರುವುದು ಒಳ್ಳೆಯದು. ಶಿಲೆಯಲ್ಲಿರುವ ಒಂದು ಜಾತಿಯ ಪೊಟ್ಯಾಸಿಯಂ ಗೊತ್ತಾದ ವೇಗದಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ರಸವು ಗಟ್ಟಿಯಾದ ಮೇಲೆ ಆ ಅನಿಲವು ಕಲ್ಲಿನೊಳಗೇ ಸಿಕ್ಕಿಕೊಳ್ಳುತ್ತದೆ. ಮೂಲವಸ್ತುವಿಗೂ ಅನಿಲಕ್ಕೂ ಇರುವ ಪ್ರಮಾಣವೇ ಕಾಲದ ಅಳತೆ. ಎರಡನೆಯ ಸಾಕ್ಷ್ಯ ಕಾಂತತ್ವದ್ದು. ರಸವು ತಣಿಯುವಾಗ ಅದರೊಳಗಿನ ಕಬ್ಬಿಣದ ಖನಿಜಕಣಗಳು ಆ ಕಾಲದ ಆ ಸ್ಥಳದ ಭೂಕಾಂತ ದಿಕ್ಕನ್ನು ಹಿಡಿದುಕೊಂಡು ಹಾಗೆಯೇ ಉಳಿಯುತ್ತವೆ. ನಾವಿಕನ ದಿಕ್ಸೂಚಿಯಂಥ ಒಂದು ಸೂಜಿ ಕಲ್ಲಿನೊಳಗೆ ನಿಶ್ಚಲವಾಗಿ ನಿಂತಂತೆ. ಆ ಸೂಜಿಯ ಓರೆಯನ್ನು ಅಳೆದು ನೋಡಿದರೆ, ಈ ಕಲ್ಲು ಹುಟ್ಟಿದಾಗ ಈ ನೆಲವು ಭೂಮಧ್ಯರೇಖೆಗೆ ಬಹಳ ದಕ್ಷಿಣದಲ್ಲಿತ್ತೆಂದು ತಿಳಿಯುತ್ತದೆ.

ಆ ಕಾಲದಲ್ಲಿ ಭಾರತವೂ ಮಡಗಾಸ್ಕರವೂ ಒಂದೇ ನೆಲವಾಗಿದ್ದು, ಆಗತಾನೆ ಬಿರಿದು ಬೇರೆಯಾಗುತ್ತಿದ್ದುವು. ಮಡಗಾಸ್ಕರದಲ್ಲಿಯೂ ಹೆಚ್ಚುಕಡಮೆ ಇದೇ ವಯಸ್ಸಿನ ಅಗ್ನಿಶಿಲೆಗಳಿವೆ. ಆ ಬಿರುಕಿನ ಕಾಲದಲ್ಲಿ ಉಕ್ಕಿದ ರಸದ ಉಳಿಕೆಯೇ ಮಲ್ಪೆಯ ದ್ವೀಪಗಳೆಂದು ಭೂವಿಜ್ಞಾನಿಗಳ ಅಭಿಪ್ರಾಯ. ಆ ಉಕ್ಕಿಗೆ ಕಾರಣವಾದ ಭೂಗರ್ಭದ ಬಿಸಿಯ ನೆಲೆ ಈಗ ದಕ್ಷಿಣ ಸಮುದ್ರದ ಮೇರಿಯನ್ ದ್ವೀಪದ ಆಸುಪಾಸಿನಲ್ಲಿದೆಯೆಂದು ಹಲವರು ಹೇಳುತ್ತಾರೆ. ಆ ದ್ವೀಪವು ೧,೨೦೦ ಮೀಟರಿಗಿಂತ ಎತ್ತರದ ಅಗ್ನಿಪರ್ವತ. ಹಾಯಿಹಡಗುಗಳು ಈ ದ್ವೀಪಕ್ಕೆ ಬರುವುದಕ್ಕೆ ಬಹಳ ಮೊದಲೇ ಈ ನೆಲವೇ ಒಂದು ಕಡಲನ್ನು ದಾಟಿ ಬಂದಿತ್ತು. ಇದರ ವೈಶಿಷ್ಟ್ಯವನ್ನು ಮನಗಂಡು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

೩. ಹಾಯಿ ಮತ್ತು ಗಾಳಿ

ಇನ್ನು ನಾವಿಕರ ಸಾಕ್ಷ್ಯಕ್ಕೆ ಬರೋಣ. ಹಾಯಿಹಡಗಿನ ಯಾತ್ರಿಕನು ಏನನ್ನು ಕಂಡನು, ಏಕೆ ಕಂಡನು ಎಂಬುದನ್ನು ತಿಳಿಯಬೇಕಾದರೆ ಈ ಕರಾವಳಿಯ ಗಾಳಿಯ ಕ್ರಮವನ್ನು ಅರಿಯಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಾರುತವು ಬೀಸುತ್ತದೆ. ಆಗ ಕಡಲು ಉಗ್ರ. ಹಾಯಿಯ ಕಾಲದಲ್ಲಿ ಬಂದರುಗಳ ವ್ಯವಹಾರವೇ ನಿಲ್ಲುತ್ತಿತ್ತು. ಅದೇ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ಮೋಡವಾಗಿ ಸುರಿದು ತುಂಗಾಭದ್ರೆಯರನ್ನು ತುಂಬಿಸುತ್ತದೆ. ನಮಗೆ ಬೆಳೆ ಕೊಡುವ ತಿಂಗಳುಗಳೇ ನಾವಿಕರಿಗೆ ಬಿಡುವಿನ ತಿಂಗಳುಗಳು. ಚಳಿಗಾಲದಲ್ಲಿ ಗಾಳಿಯ ದಿಕ್ಕು ತಿರುಗಿ ಈಶಾನ್ಯದಿಂದ ಬೀಸತೊಡಗುತ್ತದೆ. ಅರಬ್ಬೀ ಮತ್ತು ಆಫ್ರಿಕದ ತೀರಗಳಿಗೆ ಹಿಂದಿರುಗುವ ಹಡಗುಗಳಿಗೆ ಅದು ಸಕಾಲ. ಇವೆರಡರ ನಡುವಣ ವಾರಗಳಲ್ಲಿ ಗಾಳಿಯ ನೆಚ್ಚಿಕೆಯಿಲ್ಲ.

ಕರೆಯನ್ನು ಹಿಡಿದು ಸಾಗುವ ಹಡಗಿಗೆ ಇನ್ನೊಂದು ಆಸರೆಯುಂಟು. ಹಗಲಿನಲ್ಲಿ ನೆಲವು ಬೇಗ ಕಾಯುವುದರಿಂದ ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸುತ್ತದೆ. ರಾತ್ರಿ ನೆಲವು ಬೇಗ ತಣಿದು, ಬೆಳಗಿನ ಜಾವದವರೆಗೆ ನೆಲದಿಂದ ಕಡಲಿಗೆ ಗಾಳಿ ಇಳಿಯುತ್ತದೆ. ಕರಾವಳಿಯ ಮಚ್ವೆ, ಮಂಜಿ, ಪತ್ತೆಮಾರಿಗಳ ಚುಕ್ಕಾಣಿ ಹಿಡಿದವರು ಈ ಉಸಿರಾಟವನ್ನು ಗಡಿಯಾರದಂತೆ ಬಲ್ಲವರಾಗಿದ್ದರು. ರಾತ್ರಿಯ ನೆಲಗಾಳಿಯಲ್ಲಿ ಹಾಯಿ ಬಿಚ್ಚಿ ಮುಂದೆ ಸಾಗುವುದು, ಗಾಳಿ ಬಿದ್ದಾಗ ಲಂಗರು ಹಾಕಿ ಕಾಯುವುದು ಅವರ ಪದ್ಧತಿ. ಹೀಗೆ ಕಾಯುವುದಕ್ಕೆ ಮರೆ ಬೇಕು, ಸಿಹಿನೀರು ಬೇಕು, ಸೌದೆ ಬೇಕು. ಕಡಲಿನ ದ್ವೀಪಗಳನ್ನು ನಾವಿಕನು ನೋಡುತ್ತಿದ್ದುದು ಈ ಕಣ್ಣಿನಿಂದ.

ದೂರದಿಂದ ದಾರಿ ತೋರುವ ಕೆಲಸವನ್ನು ಬೆಟ್ಟಗಳು ಮಾಡುತ್ತಿದ್ದುವು. ಸುಮಾರು ೧,೮೯೦ ಮೀಟರು ಎತ್ತರದ ಕುದುರೆಮುಖವು ಕಡಲಿನ ಕಡೆಯಿಂದ ನೋಡುವವರಿಗೆ ಕುದುರೆಯ ಮೋರೆಯಂತೆ ಕಾಣುವುದರಿಂದಲೇ ಆ ಹೆಸರನ್ನು ಪಡೆಯಿತು; ನಾವಿಕರಿಗೆ ಅದೊಂದು ನಂಬುಗೆಯ ಗುರುತಾಗಿತ್ತು. ೧೦ ಮೀಟರು ಎತ್ತರದ ಮಲ್ಪೆಯ ದ್ವೀಪವು ಬಹಳ ಹತ್ತಿರಕ್ಕೆ ಬರುವವರೆಗೂ ಕಾಣುವಂಥದಲ್ಲ.

೪. ೧೪೯೮ರ ಸೆಪ್ಟೆಂಬರ್ ತಿಂಗಳು

ವಾಸ್ಕೊ ಡ ಗಾಮನ ಹಡಗುಗಳು ಲಿಸ್ಬನ್ ನಗರವನ್ನು ಬಿಟ್ಟದ್ದು ೧೪೯೭ರ ಜುಲೈ ೮ರಂದು. ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿ, ಪೂರ್ವತೀರದ ಮೆಲಿಂದಿಯನ್ನು ತಲಪಿ, ಅಲ್ಲಿ ದಾರಿ ಬಲ್ಲ ಮಾರ್ಗದರ್ಶಿಯೊಬ್ಬನನ್ನು ಪಡೆದು, ೧೪೯೮ರ ಏಪ್ರಿಲ್ ೨೪ರಂದು ಅವರು ಹೊರಟರು. ನೈಋತ್ಯದ ಗಾಳಿ ಆರಂಭವಾಗುವ ಕಾಲವದು. ಮೂರು ವಾರಗಳಿಗೆ ತುಸು ಹೆಚ್ಚು ಅವಧಿಯಲ್ಲಿ ಕಡಲನ್ನು ದಾಟಿ, ಮೇ ೧೮ರಂದು ಮಲಬಾರಿನ ಬೆಟ್ಟಗಳನ್ನು ಕಂಡು, ಮೇ ೨೦ರಂದು ಕಲ್ಲಿಕೋಟೆಯ ಸಮೀಪದಲ್ಲಿ ಲಂಗರು ಹಾಕಿದರು. ಈ ಪಯಣದಲ್ಲಿ ಮಲ್ಪೆಯ ದ್ವೀಪಗಳ ಪ್ರಸ್ತಾಪವಿಲ್ಲ.

ಈ ಯಾನದ ದಿನಚರಿಯೊಂದು ಉಳಿದುಬಂದಿದೆ. ಬರೆದವನು ಹಡಗಿನಲ್ಲಿದ್ದವನೇ; ಆಲ್ವಾರೊ ವೆಲ್ಯೊ ಎಂಬವನಿರಬೇಕೆಂದು ವಿದ್ವಾಂಸರಲ್ಲಿ ಅನೇಕರು ಊಹಿಸಿದ್ದಾರೆ. ಅದರ ಮೊದಲ ಮುದ್ರಣ ೧೮೩೮ರಲ್ಲಿ ಆಯಿತು. ೧೮೯೮ರಲ್ಲಿ ರೇವನ್‌ಸ್ಟೈನ್ ಎಂಬ ಪಂಡಿತನು ಟಿಪ್ಪಣಿಗಳೊಡನೆ ಇಂಗ್ಲಿಷಿಗೆ ಅನುವಾದಿಸಿದನು. ಆ ದಿನಚರಿಯಂತೆ ಹಡಗುಗಳು ಕಲ್ಲಿಕೋಟೆಯನ್ನು ಬಿಟ್ಟದ್ದು ಆಗಸ್ಟ್ ೨೯ರಂದು. ಬಳಿಕ ಕರೆಯನ್ನು ಹಿಡಿದು ಉತ್ತರಕ್ಕೆ ನಿಧಾನವಾಗಿ ಸಾಗುತ್ತ, ಸೆಪ್ಟೆಂಬರ್ ೧೫, ಶನಿವಾರದಂದು, ನೆಲದಿಂದ ಎರಡು ಲೀಗ್ ದೂರದಲ್ಲಿದ್ದ ಕೆಲವು ಸಣ್ಣ ದ್ವೀಪಗಳ ಬಳಿಗೆ ಬಂದರು. ಅವುಗಳಲ್ಲೊಂದರ ಮೇಲೆ ತಮ್ಮ ದೊರೆಯ ಕಲ್ಲುಕಂಬವನ್ನು ನೆಟ್ಟು ಸಾಂತಾ ಮರಿಯ ಎಂದು ಹೆಸರಿಟ್ಟರು. ಸಾನ್ ರಫಾಯೆಲ್, ಸಾನ್ ಗೇಬ್ರಿಯಲ್ ಎಂಬ ಹೆಸರಿನ ಕಂಬಗಳ ಜೊತೆಗೆ ಇದು ಮೂರನೆಯದು.

ಆದುದರಿಂದ ಕಾಲಕ್ರಮ ಸ್ಪಷ್ಟವಾಗಿದೆ. ದ್ವೀಪಕ್ಕೆ ಅವರು ಬಂದದ್ದು ಕಲ್ಲಿಕೋಟೆಗೆ ಹೋಗುವ ಮೊದಲಲ್ಲ; ಅಲ್ಲಿಂದ ಹಿಂದಿರುಗುವಾಗ. ಇದೇನು ಮಹಾ ವ್ಯತ್ಯಾಸವೆಂದು ಕೆಲವರಿಗೆ ತೋರಬಹುದು. ಆದರೆ ಕ್ರಮ ಬದಲಾದರೆ ಅರ್ಥವೂ ಬದಲಾಗುತ್ತದೆ. ಮೊದಲು ಬಂದಿಳಿದ ನೆಲವೆಂದರೆ ಅದೊಂದು ವಿಜಯದ ಚಿತ್ರ. ದಿನಚರಿಯ ಚಿತ್ರ ಬೇರೆ: ಸಾಮೂದಿರಿಯೊಡನೆ ವ್ಯಾಪಾರದ ಒಪ್ಪಂದವು ಬಯಸಿದಂತೆ ಕೂಡಿಬರದೆ, ಮನಸ್ತಾಪಗೊಂಡು, ಹಿಂದಿರುಗುವ ಗಾಳಿ ಇನ್ನೂ ಬಾರದಿರುವಾಗಲೇ ಹೊರಟು, ನೀರು ಸೌದೆಗಳನ್ನು ಹುಡುಕುತ್ತ ಕರೆಯುದ್ದಕ್ಕೂ ತೆವಳುತ್ತಿದ್ದ ಹಡಗುಗಳು ಅವು.

ಆ ದಿನ ಅಲ್ಲಿಗೆ ಸ್ಥಳೀಯ ಬೆಸ್ತರು ದೋಣಿಗಳಲ್ಲಿ ಮೀನು ತಂದರೆಂದೂ, ನಾಯಕನು ಅವರಿಗೆ ಅಂಗಿಗಳನ್ನು ಕೊಟ್ಟನೆಂದೂ ದಿನಚರಿ ತಿಳಿಸುತ್ತದೆ. ದ್ವೀಪದಲ್ಲಿ ಕಂಬವನ್ನು ನೆಟ್ಟರೆ ನಿಮಗೆ ಒಪ್ಪಿಗೆಯೇ ಎಂದು ಕೇಳಿದಾಗ ಅವರು ಸಂತೋಷದಿಂದ ಒಪ್ಪಿದರಂತೆ. ಅದರಿಂದ ಬಂದವರು ತಮ್ಮಂತೆಯೇ ಕ್ರೈಸ್ತರೆಂದು ಖಚಿತವಾಗುವುದೆಂದು ನುಡಿದರಂತೆ. ಇಲ್ಲಿ ನಾವು ಎಚ್ಚರದಿಂದ ಓದಬೇಕು. ಈ ಯಾತ್ರಿಕರು ಕಲ್ಲಿಕೋಟೆಯ ದೇವಾಲಯವೊಂದನ್ನು ಇಗರ್ಜಿಯೆಂದು ತಿಳಿದು ಅಲ್ಲಿ ಪ್ರಾರ್ಥನೆ ಮಾಡಿದವರು. ಮುಸಲ್ಮಾನರಲ್ಲದವರೆಲ್ಲರೂ ಕ್ರೈಸ್ತರೆಂಬುದು ಆಗ ಅವರ ಭಾವನೆ. ಅವರ ದುಭಾಷಿಗಳಿಗೆ ತಿಳಿದಿದ್ದ ಭಾಷೆ ಮುಖ್ಯವಾಗಿ ಅರಬ್ಬೀ. ತುಳು, ಕನ್ನಡಗಳ ಕರಾವಳಿಯ ಬೆಸ್ತರು ಏನು ಹೇಳಿದರು, ಹಡಗಿನವರು ಏನು ಕೇಳಿಸಿಕೊಂಡರು ಎಂಬುದರ ನಡುವೆ ದೊಡ್ಡ ಅಂತರವಿದ್ದಿರಬೇಕು. ಮೀನಿಗೆ ಬದಲು ಬಟ್ಟೆ ದೊರೆತುದಕ್ಕೆ ಸೂಚಿಸಿದ ಸಂತೋಷವು ಮತದ ಒಪ್ಪಿಗೆಯಾಗಿ ಬರೆಯಲ್ಪಟ್ಟಿರುವ ಸಂಭವವೇ ಹೆಚ್ಚು. ಆ ಬೆಸ್ತರ ಕಡೆಯ ವೃತ್ತಾಂತವನ್ನು ಯಾರೂ ಬರೆದಿಡಲಿಲ್ಲ.

ಅದೇ ರಾತ್ರಿ ನೆಲದ ಗಾಳಿಯನ್ನು ಹಿಡಿದು ಹಡಗುಗಳು ಹೊರಟುವು. ಹಿಂದಿನ ಭಾಗದಲ್ಲಿ ವಿವರಿಸಿದ ಗಾಳಿಯ ಕ್ರಮವು ಇಲ್ಲಿ ದಿನಚರಿಯಿಂದಲೇ ಸಮರ್ಥನೆಯನ್ನು ಪಡೆಯುತ್ತದೆ. ಸೆಪ್ಟೆಂಬರ್ ೨೦ರ ಗುರುವಾರ ಅವರು ಬೆಟ್ಟಗಳಿಂದ ಕೂಡಿದ ರಮ್ಯವಾದ ಕರೆಯ ಬಳಿಯ ದ್ವೀಪಗಳನ್ನು ಸೇರಿದರು; ಕಾರವಾರದ ಸಮೀಪದ ಅಂಜದೀವವೇ ಅದು. ಅಲ್ಲಿ ಸಿಹಿನೀರು, ಸೌದೆ ದೊರೆತುವು. ಹಡಗುಗಳ ದುರಸ್ತಿಯೂ ನಡೆಯಿತು. ಅಕ್ಟೋಬರ್ ೫ರಂದು ಅವರು ತೆರೆದ ಕಡಲಿಗೆ ಇಳಿದರು.

ಗಾಳಿಯನ್ನು ಕಾಯದೆ ಹೊರಟುದರ ಬೆಲೆಯನ್ನು ಅವರು ತೆತ್ತರು. ಬರುವಾಗ ಮೂರು ವಾರಗಳಲ್ಲಿ ದಾಟಿದ ಅದೇ ಕಡಲನ್ನು ಮರಳಿ ದಾಟಲು ಹೆಚ್ಚುಕಡಮೆ ಮೂರು ತಿಂಗಳು ಹಿಡಿಯಿತು. ನಿರ್ವಾತ ಮತ್ತು ಎದುರುಗಾಳಿಗಳ ನಡುವೆ, ಹಸಿರು ಆಹಾರವಿಲ್ಲದೆ ಒಸಡು ಬಾತು ಕೊಳೆಯುವ ಸ್ಕರ್ವಿ ರೋಗಕ್ಕೆ ತುತ್ತಾಗಿ ಮೂವತ್ತು ಮಂದಿ ಸತ್ತರು. ಅದಕ್ಕೆ ಮೊದಲೇ ಅಷ್ಟೇ ಮಂದಿ ಸತ್ತಿದ್ದರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಲು ಶಕ್ತರಾಗಿ ಉಳಿದವರು ಏಳೆಂಟು ಜನ. ೧೪೯೯ರ ಜನವರಿ ೭ರಂದು ಮೆಲಿಂದಿಯನ್ನು ಸೇರಿದ ಬಳಿಕ, ನಡೆಸಲು ಜನವಿಲ್ಲದೆ ಸಾನ್ ರಫಾಯೆಲ್ ಎಂಬ ಹಡಗನ್ನು ತಾವೇ ಸುಟ್ಟುಬಿಡಬೇಕಾಯಿತು. ಕರಾವಳಿಯ ಸಾಮಾನ್ಯ ಅಂಬಿಗನಿಗೂ ತಿಳಿದಿದ್ದ ಋತುವಿನ ನಿಯಮವನ್ನು ಮೀರಿದುದರ ಫಲವಿದು.

೫. ಗುರುತಿನ ಪ್ರಶ್ನೆ

ದಿನಚರಿಯಲ್ಲಿ ಹೆಸರಿಸಿರುವ ಸಾಂತಾ ಮರಿಯವೇ ಮಲ್ಪೆಯ ಸೇಂಟ್ ಮೇರಿ ದ್ವೀಪವೆನ್ನಲು ಆಧಾರವೇನು? ಮೊದಲನೆಯದಾಗಿ ಹೆಸರು. ಎರಡನೆಯದಾಗಿ ಕಾಲ ಮತ್ತು ದೂರ: ಕಲ್ಲಿಕೋಟೆಯಿಂದ ಅಂಜದೀವಕ್ಕೆ ಸಾಗುವ ದಾರಿಯಲ್ಲಿ, ಅಲ್ಲಿಗೆ ತಲಪುವ ಐದು ದಿನಗಳ ಮೊದಲು ಎದುರಾಗುವ ದ್ವೀಪಗಳ ಗುಂಪೆಂಬ ವರ್ಣನೆಗೆ ಇದು ಹೊಂದುತ್ತದೆ. ಇದಕ್ಕೆ ಪ್ರತಿಯಾಗಿ ಒಂದು ತೊಡಕೂ ಇದೆ. ಅಂದಿನ ಪೋರ್ಚುಗೀಸ್ ಲೀಗ್ ಸುಮಾರು ೬ ಕಿಲೋಮೀಟರು. ಎರಡು ಲೀಗ್ ಎಂದರೆ ಸುಮಾರು ೧೨ ಕಿಲೋಮೀಟರು. ತೆಂಗಿನ ದ್ವೀಪವು ಮಲ್ಪೆಯಿಂದ ಅದರ ಅರ್ಧದಷ್ಟು ದೂರದಲ್ಲಿ ಮಾತ್ರ ಇದೆ. ಆದರೆ ಹಡಗಿನ ಮೇಲಿಂದ ಕಣ್ಣಳತೆಯಲ್ಲಿ ಬರೆದ ದೂರವನ್ನು ಸರಪಳಿ ಹಿಡಿದು ಅಳೆದ ದೂರದಂತೆ ಎಣಿಸಬಾರದು. ಆದುದರಿಂದ ಗುರುತು ಬಲವಾದುದು, ಆದರೆ ಊಹೆಯಿಂದ ಬಂದುದು ಎನ್ನುವುದೇ ನ್ಯಾಯ.

ನೆಟ್ಟ ಕಂಬವು ಇಂದು ದ್ವೀಪದಲ್ಲಿಲ್ಲ. ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಪ್ರಕೃತಿಯೇ ಸಾಲುಸಾಲಾಗಿ ನಿಲ್ಲಿಸಿದ ಶಿಲಾಸ್ತಂಭಗಳ ನಡುವೆ ಆ ಯಾತ್ರಿಕರು ದೂರದೇಶದಿಂದ ಹೊತ್ತುತಂದ ಕಲ್ಲುಕಂಬವನ್ನು ನಿಲ್ಲಿಸಿದರು. ಆದರೂ ದಿನಚರಿಕಾರನು ದ್ವೀಪದ ಶಿಲೆಯ ವಿಚಾರವಾಗಿ ಏನನ್ನೂ ಬರೆಯಲಿಲ್ಲ. ಮೀನು, ಅಂಗಿ, ಕಂಬ, ಗಾಳಿ ಇವಿಷ್ಟೇ ಅವನ ವರದಿ. ಇದನ್ನು ಅವನ ದೋಷವೆನ್ನಲಾಗದು. ಬ್ಯಾರನ್ ದ್ವೀಪದ ಹೊಗೆಯನ್ನು ಕಂಡ ನಾವಿಕರು ಬರೆದಿಟ್ಟದ್ದು, ಅದು ದೂರದಿಂದಲೇ ಕಣ್ಣನ್ನು ಸೆಳೆಯುವಂತಿದ್ದುದರಿಂದ, ಅಪಾಯವನ್ನು ಸೂಚಿಸುತ್ತಿದ್ದುದರಿಂದ. ಆರಿದ ಕಲ್ಲು ಹಡಗಿಗೆ ಅನ್ನವನ್ನೂ ಕೊಡದು, ಭಯವನ್ನೂ ಉಂಟುಮಾಡದು. ಯಾವ ದಾಖಲೆಯೇ ಆಗಲಿ, ಬರೆದವನ ಅಗತ್ಯವನ್ನು ಮೀರಿ ನೋಡುವುದು ಅಪರೂಪ.

೬. ಘಟ್ಟದ ಮೇಲಣವರ ಸಂಬಂಧ

ಈ ಕರೆಯು ೧೪೯೮ರಲ್ಲಿ ಅಜ್ಞಾತವಾದ ನೆಲವಾಗಿರಲಿಲ್ಲ. ಮಲ್ಪೆಗೆ ಉತ್ತರದಲ್ಲಿ ಸಮೀಪವೇ ಇರುವ ಬಾರಕೂರು ವಿಜಯನಗರದ ಒಂದು ರಾಜ್ಯಭಾಗದ ಕೇಂದ್ರ. ಬಸರೂರು, ಭಟ್ಕಳ, ಹೊನ್ನಾವರ, ಮಂಗಳೂರುಗಳು ದೇಶಾಂತರ ವ್ಯಾಪಾರದ ಬಂದರುಗಳು. ಒಂದೂವರೆ ಶತಮಾನ ಮೊದಲೇ ಇಬ್ನ್ ಬತೂತ ಈ ಬಂದರುಗಳನ್ನು ಕಂಡು ಬರೆದಿದ್ದನು. ಪೋರ್ಚುಗೀಸರು ಕಂಡುಹಿಡಿದದ್ದು ತಮಗೆ ತಿಳಿಯದಿದ್ದ ದಾರಿಯನ್ನೇ ಹೊರತು ತೀರವನ್ನಲ್ಲ.

ಆದರೆ ಆ ದಾರಿ ತಿಳಿದುದರ ಪರಿಣಾಮ ಬೇಗನೆ ಕಾಣಿಸಿತು. ೧೫೦೫ರಲ್ಲಿ ಅಂಜದೀವದಲ್ಲಿ ಅವರ ಕೋಟೆ ಎದ್ದಿತು. ಮರುವರ್ಷವೇ ಅದನ್ನು ಕೆಡವಿದರೂ, ಆ ಶತಮಾನದ ಉತ್ತರಾರ್ಧದಲ್ಲಿ ಮಂಗಳೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳು ನೆಲೆಯೂರಿದುವು. ಮಲೆನಾಡಿನ ಮೆಣಸಿಗೆ ಅವರು ಗಿರಾಕಿಗಳಾದರು, ಬೆಲೆ ಕಟ್ಟುವವರೂ ಆದರು. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ರಾಯಭಾರಿಯ ಜೊತೆಯಲ್ಲಿ ಹೊನ್ನಾವರದಿಂದ ಘಟ್ಟವನ್ನೇರಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಬಂದದ್ದು ಈ ಸಂಬಂಧದ ಫಲವೇ. ಮುಂದೆ ಶಿವಪ್ಪ ನಾಯಕನು ೧೬೫೦ರ ದಶಕದಲ್ಲಿ ಕರಾವಳಿಯ ಅವರ ಕೋಟೆಗಳನ್ನು ಕಿತ್ತುಕೊಂಡನು. ೧೬೬೫ರಲ್ಲಿ ಶಿವಾಜಿಯ ನೌಕಾಪಡೆ ಬಸರೂರಿನ ಮೇಲೆ ದಾಳಿ ಮಾಡಿತು. ಕಡಲಿನಿಂದ ಬರುವ ಅಪಾಯವು ಮಲೆನಾಡಿನ ಅರಮನೆಗೂ ತಟ್ಟುವುದೆಂಬುದನ್ನು ಈ ಘಟನೆಗಳು ತೋರಿಸಿಕೊಟ್ಟುವು.

ಈ ಹಿನ್ನೆಲೆಯಲ್ಲಿ ನೋಡಿದಾಗ ಮಲ್ಪೆ ಬಂದರಿನ ಮುಂದೆ ಅಲೆಗಳಿಗೆ ತಡೆಯಂತಿರುವ ದರಿಯಾ ಬಹದ್ದೂರಗಡ ದ್ವೀಪದ ಕೋಟೆಯ ಅವಶೇಷಗಳಿಗೆ ಅರ್ಥ ಬರುತ್ತದೆ. ಬಿದನೂರಿನ ಬಸವಪ್ಪ ನಾಯಕನು ಅದನ್ನು ಕಟ್ಟಿಸಿದನೆಂದು ಪ್ರತೀತಿ. ಹೊನ್ನಾವರದ ಎದುರಿನ ಬಸವರಾಜದುರ್ಗ ದ್ವೀಪದ ಹೆಸರೂ ಕೆಳದಿಯ ನೆನಪನ್ನು ಹೊತ್ತಿದೆ. ಗಾಮನು ಒಂದು ದಿನ ನಿಂತು ಕಂಬ ನೆಟ್ಟುಹೋದ ದ್ವೀಪಸಮೂಹವನ್ನು ಕೆಳದಿಯವರು ಬಂದರಿನ ಕಾವಲುಗಲ್ಲಾಗಿ ಕಂಡರು. ಒಂದೇ ಬಂಡೆ, ನೋಡುವ ಕಣ್ಣುಗಳು ಬೇರೆ.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳನ್ನು ನಿಶ್ಚಯಿಸಬಹುದು. ಮಲ್ಪೆಯ ದ್ವೀಪಗಳು ಅಗ್ನಿಜನ್ಯವಾದರೂ ದಖ್ಖನಿನ ಶಿಲೆಗೆ ಸೇರಿದವಲ್ಲ. ಭಾರತ ಮತ್ತು ಮಡಗಾಸ್ಕರಗಳ ಅಗಲಿಕೆಯ ಕಾಲದವು. ವಾಸ್ಕೊ ಡ ಗಾಮನು ಇಲ್ಲಿಗೆ ಬಂದದ್ದು ಕಲ್ಲಿಕೋಟೆಯನ್ನು ಬಿಟ್ಟ ಮೇಲೆ, ೧೪೯೮ರ ಸೆಪ್ಟೆಂಬರ್ ೧೫ರಂದು. ಮೊದಲು ಇಲ್ಲಿ ಇಳಿದನೆಂಬುದು ಐತಿಹ್ಯವೇ ಹೊರತು ಇತಿಹಾಸವಲ್ಲ. ದ್ವೀಪದ ಗುರುತು ಬಹಳ ಸಂಭವನೀಯ; ಆದರೆ ಅದು ದಿನಚರಿಯ ಮಾತಲ್ಲ, ನಮ್ಮ ತರ್ಕ.

ಇದನ್ನು ತರಗತಿಯಲ್ಲಿ ಹೇಳಬೇಕಾದ ಅಗತ್ಯವೇನೆಂದರೆ, ಐತಿಹ್ಯವು ದಿನಚರಿಯ ಒಂದು ಸಾಲನ್ನು ಹಿಡಿದು ಉಳಿದುದನ್ನು ಮರೆಸುತ್ತದೆ. ಕಂಬ ನೆಟ್ಟವನ ಹೆಸರು ಎಲ್ಲರಿಗೂ ಗೊತ್ತು. ಆ ದಿನ ಮೀನು ತಂದುಕೊಟ್ಟವರು, ಅದೇ ಕಡಲಿನಲ್ಲಿ ಅದಕ್ಕೆ ಮುಂಚೆಯೂ ಆಮೇಲೆಯೂ ದೋಣಿ ನಡೆಸಿದವರು, ಯಾವ ರಾತ್ರಿ ಹಾಯಿ ಬಿಚ್ಚಬೇಕು, ಯಾವ ತಿಂಗಳು ಬಿಚ್ಚಬಾರದು ಎಂಬುದನ್ನು ಬಲ್ಲವರು ಮಾತ್ರ ನಮ್ಮ ಪುಸ್ತಕಗಳಲ್ಲಿ ಇಲ್ಲ. ಹಾಯಿಯ ದೋಣಿಗಳು ಹೋಗಿ ಯಂತ್ರದ ದೋಣಿಗಳು ಬಂದಿವೆ. ಮೊಗವೀರ ಮೊದಲಾದ ಕಡಲಮಕ್ಕಳ ಹಿರಿಯರಲ್ಲಿ ಹಳೆಯ ಗಾಳಿಯ ಲೆಕ್ಕ, ಬಂಡೆಗಳ ಹೆಸರು, ಹಡಗಿನ ಭಾಗಗಳ ಮಾತು ಎಷ್ಟು ಉಳಿದಿದೆಯೋ ಅಷ್ಟನ್ನಾದರೂ ನಮ್ಮ ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳಬೇಕು. ಹಡಗಿನ ದಿನಚರಿಯನ್ನು ತಿದ್ದಿ ಓದಲು ಬೇಕಾದ ಟಿಪ್ಪಣಿ ಅಲ್ಲಿದೆ.

ಮಳೆಗಾಲ ಕಳೆದು ಕಡಲು ಶಾಂತವಾದ ತಿಂಗಳುಗಳಲ್ಲಿ ಮಲ್ಪೆಯಿಂದ ದ್ವೀಪಕ್ಕೆ ದೋಣಿಗಳು ಹೋಗುತ್ತವೆ. ಮಳೆಗಾಲದಲ್ಲಿ ಆ ಸಂಚಾರ ಇಂದಿಗೂ ನಿಲ್ಲುತ್ತದೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವ ಅಧ್ಯಾಪಕರು ಒಂದು ಮಾತನ್ನು ಮುಂಚಿತವಾಗಿಯೇ ತಿಳಿಸುವುದು ಮೇಲು. ಅಲ್ಲಿನ ಕಂಬದ ತುಂಡನ್ನು ನೆನಪಿಗೆಂದು ಒಡೆದು ತರುವುದಾಗಲಿ, ಅದರ ಮೇಲೆ ಹೆಸರನ್ನು ಕೆತ್ತುವುದಾಗಲಿ ಶಾಸನದ ಕಲ್ಲನ್ನು ಒಡೆದಂತೆಯೇ ಸರಿ. ಶಾಸನ ಒಡೆದರೆ ಕೆಲವು ಸಾಲುಗಳು ಹೋಗುತ್ತವೆ. ಅವುಗಳ ಪಡಿಯಚ್ಚಾದರೂ ಎಲ್ಲಿಯೋ ಇರಬಹುದು. ಈ ಶಿಲೆಯ ಓದು ಇನ್ನೂ ಮುಗಿದಿಲ್ಲ; ಅದರ ಪಡಿಯಚ್ಚನ್ನು ಯಾರೂ ತೆಗೆದಿಟ್ಟಿಲ್ಲ.